ಚಳಿಗಾಲಕ್ಕೆ ಮುಚ್ಚಿದ ಪೂಲ್: ನೀರು ಇಳಿದರೆ, ಹಸಿರಾದರೆ ಎಲ್ಲಿಂದ ಹುಡುಕಬೇಕು

ದೀಪಾವಳಿ ಮುಗಿದು ಮೂರು ವಾರ ಆಗಿತ್ತು. ತೋಟ ನೋಡಿಕೊಳ್ಳುವ ಅಣ್ಣ ಬೆಳಿಗ್ಗೆ ಫೋನ್ ಮಾಡಿದರು. "ಅಕ್ಕಾರ, ಪೂಲಿನ ನೀರು ಇಳಿಯಾಕ ಹತ್ತೈತ್ರಿ. ತಾಡಪತ್ರಿ ಒಳಗ ಜೋತು ಬಿದ್ದೈತಿ."

ನಮ್ಮ ತೋಟದ ಮನೆ ಗಂಗಾವತಿ ಹತ್ತಿರ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಭತ್ತದ ಗದ್ದೆಗಳ ನಡುವೆ. ಮಕ್ಕಳು ಈಜು ಕಲಿಯಲಿ ಅಂತ ಕಟ್ಟಿಸಿದ ಪೂಲ್ ಅದು. 24 ಅಡಿ ಉದ್ದ, 12 ಅಡಿ ಅಗಲ, ಸರಾಸರಿ ನಾಲ್ಕೂವರೆ ಅಡಿ ಆಳ. ಉದ್ದ, ಅಗಲ, ಸರಾಸರಿ ಆಳ ಮೂರನ್ನೂ ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ನಮ್ಮದು ಸುಮಾರು 36,700 ಲೀಟರ್. ನಿಮ್ಮ ಪೂಲಿನ ಲೆಕ್ಕವನ್ನೂ ಈಗಲೇ ಮಾಡಿ, ಪಂಪ್ ರೂಮಿನ ಗೋಡೆ ಮೇಲೆ ಬರೆದಿಡಿ. ಮುಂದೆ ಪ್ರತಿ ಹೆಜ್ಜೆಗೂ ಅದು ಬೇಕು.

ಆ ದಿನ ಹೋಗಿ ತಾಡಪತ್ರಿ ಎತ್ತಿ ನೋಡಿದೆ. ನೀರು ಮಾಮೂಲಿ ಮಟ್ಟಕ್ಕಿಂತ ಒಂದೂವರೆ ಅಡಿ ಕೆಳಗೆ ಹೋಗಿತ್ತು. ಉಳಿದ ನೀರು ಪೂರ್ತಿ ಹಸಿರು. ಗೋಡೆ ಮುಟ್ಟಿದರೆ ಕೈಗೆ ಲೋಳೆ. ಎರಡು ದೋಷ ಒಟ್ಟಿಗೆ ಬಂದಿದ್ದವು. ಅವನ್ನು ಬಿಡಿಸಿ ನೋಡಲು ನನಗೆ ಎರಡು ವಾರ ಬೇಕಾಯಿತು. ಈ ಭಾಗದಲ್ಲಿ ಪೂಲ್ ಇಟ್ಟುಕೊಂಡಿರುವ ಬೇರೆಯವರಿಗೆ ಅಷ್ಟು ದಿನ ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಮುಚ್ಚಿದ್ದು ಹೇಗೆ ಅಂತ ನೆನಪು ಮಾಡಿಕೊಳ್ಳಿ

ಚಳಿಗಾಲದ ದೋಷ ಹೆಚ್ಚಾಗಿ ಮುಚ್ಚಿದ ದಿನವೇ ಶುರುವಾಗಿರುತ್ತದೆ. ನಾನು ಅನುಸರಿಸಿದ್ದು ಹಿಮ ಬೀಳುವ ದೇಶದಲ್ಲಿರುವ ನಮ್ಮ ಭಾವ ಹೇಳಿದ ಕ್ರಮವನ್ನು. ಅವರು ಹೇಳಿದ್ದು ಅವರ ಊರಿಗೆ ಸರಿಯೇ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ಪೈಪಿನಲ್ಲಿ ನೀರು ಉಳಿದರೆ ಪೈಪೇ ಸೀಳುತ್ತದೆ. ಅದಕ್ಕೇ ಅಲ್ಲಿ ನೀರನ್ನು ಸ್ಕಿಮ್ಮರ್ (ಗೋಡೆಯ ಮೇಲ್ಭಾಗದಲ್ಲಿ ತೇಲುವ ಕಸ ಮತ್ತು ನೀರನ್ನು ಪಂಪಿಗೆ ಎಳೆದುಕೊಳ್ಳುವ ಕಿಂಡಿ) ಬಾಯಿಗಿಂತ ಕೆಳಗೆ ಇಳಿಸುತ್ತಾರೆ. ಗಾಳಿ ಊದಿ ಪೈಪ್ ಖಾಲಿ ಮಾಡುತ್ತಾರೆ, ಬಿರಡೆ ಹಾಕುತ್ತಾರೆ, ಪಂಪ್ ಬಂದ್ ಮಾಡಿ ಮೇಲೆ ಹೊದಿಕೆ ಎಳೆಯುತ್ತಾರೆ. ಅಲ್ಲಿಯ ನೀರು ಎಷ್ಟು ತಣ್ಣಗಿರುತ್ತದೆ ಅಂದರೆ ಪಾಚಿ ಬೆಳೆಯುವುದೇ ನಿಂತುಹೋಗುತ್ತದೆ.

ನಮ್ಮಲ್ಲಿ ಜನವರಿ ರಾತ್ರಿ ಕೂಡ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು. ಮಧ್ಯಾಹ್ನ ಬಿಸಿಲು ಚುರುಕಾಗಿಯೇ ಇರುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರು ಜಿಲ್ಲೆಗಳಲ್ಲೂ ಪೈಪ್ ಹೆಪ್ಪುಗಟ್ಟುವ ಮಾತೇ ಇಲ್ಲ. ಆದರೆ ಪಾಚಿ ಮಾತ್ರ ಇಡೀ ಚಳಿಗಾಲ ಬದುಕಿರುತ್ತದೆ. ನೀರು ಇಳಿಸಿದ್ದರಿಂದ ನನಗೆ ಸಿಕ್ಕ ಲಾಭ ಏನೂ ಇಲ್ಲ. ಆದ ನಷ್ಟ ಒಂದಲ್ಲ. ಸ್ಕಿಮ್ಮರ್ ಒಣಗಿತು. ಹಾಗಾಗಿ ಪಂಪ್ ಓಡಿಸಲು ಆಗಲಿಲ್ಲ. ನೀರು ನಿಂತಲ್ಲೇ ನಿಂತಿತು, ಕ್ಲೋರಿನ್ ಮುಗಿಯಿತು, ಹಸಿರಾಯಿತು. ನೀವೂ ಹೀಗೆ ಮುಚ್ಚಿದ್ದರೆ ಹಸಿರಿಗೆ ಅರ್ಧ ಕಾರಣ ಇಲ್ಲೇ ಸಿಕ್ಕಂತೆ.

ನೀರು ಇಳಿಯುತ್ತಿದೆ: ಆವಿಯೋ, ಸೋರಿಕೆಯೋ?

ಇದನ್ನು ಕಣ್ಣಳತೆಯಲ್ಲಿ ಹೇಳಲು ಆಗುವುದಿಲ್ಲ. ಚಳಿಗಾಲದಲ್ಲಿ ಒಣಗಾಳಿ ಬೀಸುತ್ತದೆ, ರಾತ್ರಿ ನೀರು ಗಾಳಿಗಿಂತ ಬೆಚ್ಚಗಿರುತ್ತದೆ. ಹಾಗಾಗಿ ಆವಿ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಹೋಗುತ್ತದೆ. ಬಕೆಟ್ ಪರೀಕ್ಷೆ ಮಾಡಿದರೆ ಅನುಮಾನ ತೀರುತ್ತದೆ.

ಹೊದಿಕೆ ಪೂರ್ತಿ ತೆಗೆಯಿರಿ. ಒಂದು ಬಕೆಟ್‌ಗೆ ಪೂಲಿನ ನೀರನ್ನೇ ತುಂಬಿಸಿ, ಪೂಲಿನ ಮೆಟ್ಟಿಲ ಮೇಲೆ ಇಡಿ. ಬಕೆಟ್ ಒಳಗಿನ ನೀರಿನ ಮಟ್ಟವೂ ಹೊರಗಿನ ಪೂಲಿನ ಮಟ್ಟವೂ ಹೆಚ್ಚು ಕಡಿಮೆ ಒಂದೇ ಇರಲಿ. ಬಕೆಟ್ ಅಲುಗದಂತೆ ತಳದಲ್ಲಿ ಒಂದು ಕಲ್ಲು ಹಾಕಿ. ಬಕೆಟ್ ಒಳಗೊಂದು, ಹೊರಗೊಂದು ಗುರುತು ಮಾಡಿ. ಟೇಪ್ ಅಂಟಿಸಿದರೆ ನೀರಿಗೆ ಬಿಡುತ್ತದೆ, ಮಾರ್ಕರ್ ಪೆನ್ನೇ ಒಳ್ಳೆಯದು. 24 ಗಂಟೆ ಯಾರೂ ಇಳಿಯಬಾರದು, ನೀರು ಬಿಡಬಾರದು. ಆ ಬಿಸಿಲು, ಆ ಗಾಳಿ ಎರಡಕ್ಕೂ ಒಂದೇ ತಾನೇ. ಬಕೆಟ್‌ನಲ್ಲಿ ಇಳಿದದ್ದು ಆವಿ. ಪೂಲಿನಲ್ಲಿ ಅದಕ್ಕಿಂತ ಎಷ್ಟು ಜಾಸ್ತಿ ಇಳಿಯಿತೋ ಅಷ್ಟು ಸೋರಿಕೆ.

ನಾನು ಎಡವಿದ್ದು ಇಲ್ಲಿ. ಮೊದಲ ಸಲ ಇಳಿದ ಮಟ್ಟದಲ್ಲೇ ಬಕೆಟ್ ಇಟ್ಟೆ. ಮರುದಿನ ಎರಡೂ ಸಮನಾಗಿ ಇಳಿದಿದ್ದವು, 5 ಮಿಲಿಮೀಟರ್. "ಸೋರಿಕೆ ಇಲ್ಲ, ಎಲ್ಲ ಆವಿಗೆ ಹೋಗೈತಿ" ಅಂತ ಎಲ್ಲರೂ ಒಪ್ಪಿದೆವು. ಆದರೆ ಮುಚ್ಚುವಾಗ ನಾನೇ ಇಳಿಸಿದ್ದನ್ನು ಬಿಟ್ಟರೂ, ಮೂರು ವಾರದಲ್ಲಿ, ಅದೂ ತಾಡಪತ್ರಿ ಕೆಳಗೆ, ಒಂದಡಿ ನೀರು ಆವಿಯಾಗಿ ಹೋಗಲು ಸಾಧ್ಯವೇ? ಲೆಕ್ಕ ಕೂಡಲಿಲ್ಲ. ರಾತ್ರಿ ಮಲಗಿದಾಗಲೂ ಇದೇ ಯೋಚನೆ. ಆಮೇಲೆ ಹೊಳೆಯಿತು. ತೂತು ಇರುವ ಕೊಡ ತೂತಿನ ತನಕ ಮಾತ್ರ ಸೋರುತ್ತದೆ. ನೀರು ತೂತಿಗಿಂತ ಕೆಳಗೆ ಇಳಿದ ಮೇಲೆ ಪರೀಕ್ಷೆ ಮಾಡಿದರೆ ಕೊಡ ಗಟ್ಟಿಯಾಗಿದೆ ಅಂತಲೇ ಕಾಣುತ್ತದೆ.

ಬೋರ್ ನೀರು ಬಿಟ್ಟು ಮಾಮೂಲಿ ಮಟ್ಟಕ್ಕೆ ತುಂಬಿಸಿದೆ. ಸುಮಾರು 12,000 ಲೀಟರ್ ಹಿಡಿಯಿತು. ಮತ್ತೆ ಬಕೆಟ್ ಇಟ್ಟೆ. ಈ ಸಲ ಬಕೆಟ್‌ನಲ್ಲಿ 5 ಮಿಲಿಮೀಟರ್, ಪೂಲಿನಲ್ಲಿ 37. ನಮ್ಮ ಅಳತೆಯ ಪೂಲಿನಲ್ಲಿ ಒಂದು ಮಿಲಿಮೀಟರ್ ಅಂದರೆ 27 ಲೀಟರ್ ಹತ್ತಿರ. ಅಂದರೆ ದಿನಕ್ಕೆ 850 ಲೀಟರ್‌ಗೂ ಜಾಸ್ತಿ ನೆಲಕ್ಕೆ ಹೋಗುತ್ತಿತ್ತು. ಬಕೆಟ್ ಪರೀಕ್ಷೆಯನ್ನು ಯಾವಾಗಲೂ ಪೂಲ್ ತುಂಬಿದ್ದಾಗಲೇ ಮಾಡಿ.

ನೀರು ಎಲ್ಲಿ ನಿಂತಿತು ಅಂತ ನೋಡಿ

ಸೋರಿಕೆ ಇದೆ ಅಂತ ಗೊತ್ತಾದ ಮೇಲೆ ಟೈಲ್ಸ್ ಒಡೆಯಲು ಓಡಬೇಡಿ. ನೀರು ತಾನಾಗಿ ಇಳಿದು ಎಲ್ಲಿ ನಿಲ್ಲುತ್ತದೋ ಅಲ್ಲೇ, ಆ ಮಟ್ಟದಲ್ಲೇ, ಸುತ್ತ ಹುಡುಕಬೇಕು. ಸ್ಕಿಮ್ಮರ್ ಬಾಯಿ ಹತ್ತಿರ ನಿಂತರೆ, ಸ್ಕಿಮ್ಮರಿನ ಪ್ಲಾಸ್ಟಿಕ್ ಮತ್ತು ಕಾಂಕ್ರೀಟ್ ಸೇರುವ ಜಾಗದಲ್ಲಿ ಬಿರುಕು. ಫಿಲ್ಟರ್ ಆದ ನೀರು ಪೂಲಿಗೆ ವಾಪಸ್ ಬರುವ, ಗೋಡೆಯ ರಿಟರ್ನ್ ಕಣ್ಣುಗಳ ಮಟ್ಟಕ್ಕೆ ನಿಂತರೆ, ರಿಟರ್ನ್ ಪೈಪ್. ದೀಪದ ಹತ್ತಿರ ನಿಂತರೆ, ದೀಪದ ಗೂಡು. ಎಲ್ಲೂ ನಿಲ್ಲದೆ ಇಳಿಯುತ್ತಲೇ ಇದ್ದರೆ ತಳದ ಮೇನ್ ಡ್ರೈನ್ ಅಥವಾ ನೆಲದ ಬಿರುಕು. ಆಗ ಕಾಯುತ್ತಾ ಕೂರಬೇಡಿ, ಅರ್ಧಕ್ಕೆ ಬರುವ ಮೊದಲೇ ನೀರು ಬಿಟ್ಟು ಮಟ್ಟ ಹಿಡಿಯಿರಿ. ಏಕೆ ಅಂತ ಮುಂದೆ ಹೇಳುತ್ತೇನೆ.

ಇನ್ನೊಂದು ಸುಳಿವು ಪಂಪ್ ಕೊಡುತ್ತದೆ. ಬಕೆಟ್ ಪರೀಕ್ಷೆಯನ್ನು ಎರಡು ದಿನ ಮಾಡಿ. ಒಂದು ದಿನ ಪಂಪ್ ಬಂದ್, ಒಂದು ದಿನ ಪಂಪ್ ಚಾಲೂ. ಚಾಲೂ ಇದ್ದಾಗ ಜಾಸ್ತಿ ಇಳಿದರೆ, ಪಂಪ್ ಆದಮೇಲಿನ ಪೈಪಿನಲ್ಲಿ ಒತ್ತಡಕ್ಕೆ ನೀರು ಹೊರಗೆ ಹೋಗುತ್ತಿದೆ. ಬ್ಯಾಕ್‌ವಾಶ್ ಪೈಪಿನ, ಅಂದರೆ ಫಿಲ್ಟರನ್ನು ಉಲ್ಟಾ ನೀರು ಹರಿಸಿ ತೊಳೆದಾಗ ಕೊಳೆ ಹೊರಹೋಗುವ ಪೈಪಿನ, ಬಾಯಿಯನ್ನೂ ನೋಡಿ. ಫಿಲ್ಟರಿಗೆ ನೀರು ಹೋಗುವ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವಿನ ಒಳಗಿನ ರಬ್ಬರ್ ಗ್ಯಾಸ್ಕೆಟ್ ಹಾಳಾಗಿದ್ದರೆ ಫಿಲ್ಟರ್ ಸ್ಥಾನದಲ್ಲಿಟ್ಟಾಗಲೂ ಅಲ್ಲಿಂದ ನೀರು ಹನಿಯುತ್ತಿರುತ್ತದೆ. ಅದು ಚರಂಡಿಗೆ ಹೋಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ಪೂಲಿನಲ್ಲಿ ಪಂಪ್ ಬಂದ್ ಇದ್ದರೂ ಚಾಲೂ ಇದ್ದರೂ ಇಳಿತ ಒಂದೇ. ಮೊದಲ ಸಲ ನೀರು ನಿಂತಿದ್ದ ಗೆರೆ ಪಾಚಿಯಿಂದಾಗಿ ಗೋಡೆ ಮೇಲೆ ಇನ್ನೂ ಕಾಣುತ್ತಿತ್ತು. ಅದು ಸರಿಯಾಗಿ ದೀಪದ ಮೇಲಂಚಿಗೆ ಹೊಂದುತ್ತಿತ್ತು.

ಖಾತ್ರಿ ಮಾಡಿಕೊಳ್ಳಲು ಬಣ್ಣದ ಪರೀಕ್ಷೆ ಮಾಡಿದೆ. ಸೂಜಿ ತೆಗೆದ ಸಿರಿಂಜಿನಲ್ಲಿ ಜಿಲೇಬಿಗೆ ಹಾಕುವ ಕೆಂಪು ಬಣ್ಣವನ್ನು ನೀರಿನಲ್ಲಿ ಕಲಸಿ ತುಂಬಿಸಿದೆ. ಪಂಪ್ ಬಂದ್ ಮಾಡಿ, ನೀರು ಪೂರ್ತಿ ತಿಳಿಯಾಗಿ ನಿಲ್ಲುವ ತನಕ ಕಾದೆ. ದೀಪದ ಸುತ್ತ, ಒಂದು ಬೆರಳು ದೂರದಿಂದ, ನಿಧಾನವಾಗಿ ಬಿಟ್ಟೆ. ಬಣ್ಣ ಸುಮ್ನೆ ಹರಡಿದರೆ ಅಲ್ಲಿ ಏನೂ ಇಲ್ಲ. ನಮ್ಮಲ್ಲಿ ಅದು ದಾರದ ಹಾಗೆ ಎಳೆದುಕೊಂಡು ದೀಪದ ಹಿಂದೆ ಹೋಯಿತು. ನೀರು ಹಸಿರಾಗಿದ್ದರೆ ಇದು ಕಾಣುವುದಿಲ್ಲ. ಹಾಗಾಗಿ ಎರಡೂ ದೋಷ ಇದ್ದವರು ಮೊದಲು ನೀರು ತಿಳಿಮಾಡಿ, ಆಮೇಲೆ ಬಣ್ಣ ಬಿಡಿ. ನಾನೂ ಆ ಕ್ರಮದಲ್ಲೇ ಹೋದೆ, ಅಷ್ಟು ದಿನ ನೀರು ತುಂಬಿಸುತ್ತಾ ಇದ್ದೆ.

ದೀಪದ ಗೂಡಿನ ಹಿಂದೆ ವೈರ್ ಹೋಗುವ ಕಾಂಡ್ಯೂಟ್ ಪೈಪ್ ಇರುತ್ತದೆ. ಆ ಪೈಪಿನ ಬಾಯಿ ಮುಚ್ಚಿರದಿದ್ದರೆ, ಅಥವಾ ಮುಚ್ಚಿದ್ದು ಬಿರಿದಿದ್ದರೆ, ನೀರು ಅದರೊಳಗೆ ಹೋಗಿ ಎಲ್ಲಾದರೂ ಒಡೆದ ಜೋಡಣೆಯಿಂದ ಮಣ್ಣಿಗೆ ಇಳಿಯುತ್ತದೆ. ನಮ್ಮ ಕಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಆ ಎಳೆದಾಟಕ್ಕೆ ಕಾಂಡ್ಯೂಟ್ ಜೋಡಣೆ ಬಿಟ್ಟುಕೊಳ್ಳುವುದು ಆಶ್ಚರ್ಯವಲ್ಲ.

ಸರಿಪಡಿಸುವುದು ದೊಡ್ಡ ಕೆಲಸವಲ್ಲ, ಆದರೆ ಕರೆಂಟಿನ ಕೆಲಸ. ಎಲೆಕ್ಟ್ರಿಷಿಯನ್ ಎಂಸಿಬಿ ಇಳಿಸಿ, ವೈರಿನಲ್ಲಿ ಕರೆಂಟ್ ಇಲ್ಲ ಅಂತ ಪರೀಕ್ಷಿಸಿ ಹೇಳುವ ತನಕ ಯಾರೂ ನೀರಿಗೆ ಕೈ ಹಾಕಬಾರದು. ಪೂಲಿನ ದೀಪ 12 ವೋಲ್ಟಿನದಾಗಿರಬೇಕು, ಟ್ರಾನ್ಸ್‌ಫಾರ್ಮರ್ ಮೂಲಕ ಬರಬೇಕು. ನಿಮ್ಮಲ್ಲಿ ನೇರ 230 ವೋಲ್ಟ್ ಕೊಟ್ಟಿದ್ದರೆ ಸೋರಿಕೆ ಪಕ್ಕಕ್ಕಿಡಿ, ಮೊದಲು ಅದನ್ನು ಬದಲಿಸಿ. ನಮ್ಮ ದೀಪಕ್ಕೆ ಮೇಲೆ ಒಂದೇ ಸ್ಕ್ರೂ. ಅದನ್ನು ಬಿಚ್ಚಿ, ಹಿಂದೆ ಸುತ್ತಿಟ್ಟಿದ್ದ ವೈರ್ ಸಡಿಲಿಸಿ, ದೀಪವನ್ನು ದಂಡೆ ಮೇಲೆ ಇಟ್ಟೆವು. ನೀರೊಳಗೂ ಗಟ್ಟಿಯಾಗುವ ಎರಡು ಪಾಲಿನ ಎಪಾಕ್ಸಿ ಪುಟ್ಟಿ ಸಿಗುತ್ತದೆ. ಅದನ್ನು ಕೈಯಲ್ಲಿ ನಾದಿ ವೈರಿನ ಸುತ್ತ, ಕಾಂಡ್ಯೂಟ್ ಬಾಯಿಗೆ ತುಂಬಿದೆವು. ಕೈಗವಸು ಹಾಕಿಕೊಳ್ಳಿ, ಚರ್ಮಕ್ಕೆ ಒಳ್ಳೆಯದಲ್ಲ. ಮರುದಿನದ ಬಕೆಟ್ ಪರೀಕ್ಷೆಯಲ್ಲಿ ಪೂಲ್ 6, ಬಕೆಟ್ 5. ಅದರ ಮರುದಿನ ಎರಡೂ 5.

ಖಾಲಿ ಮಾಡಿ ನೋಡೋಣ ಅಂದರೆ ಒಪ್ಪಬೇಡಿ

ಇದನ್ನು ಬೇರೆಯಾಗಿಯೇ ಹೇಳಬೇಕು. ಸೋರಿಕೆ ಅಂದ ಕೂಡಲೇ ಗೌಂಡಿ ಹೇಳಿದ್ದು, "ಪೂರ್ತಿ ಖಾಲಿ ಮಾಡ್ರಿ, ತಳದಿಂದ ಗ್ರೌಟ್ ಹೊಡೀತೀನಿ" ಅಂತ. ಕಾಲುವೆ ಕೆಳಗಿನ ಊರುಗಳಲ್ಲಿ, ಅಂದರೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ, ಇದು ಅಪಾಯದ ಮಾತು.

ಗದ್ದೆಯಲ್ಲಿ ನೀರು ನಿಂತಿರುವಾಗ ನೆಲದೊಳಗಿನ ನೀರಿನ ಮಟ್ಟ ಮೇಲೆ ಬಂದಿರುತ್ತದೆ. ಪೂಲ್ ತುಂಬಿದ್ದಾಗ ಒಳಗಿನ ನೀರಿನ ಭಾರ ಅದನ್ನು ಹಿಡಿದು ಕೂರಿಸುತ್ತದೆ. ನಮ್ಮ ಪೂಲಿನಲ್ಲಿ ಆ ಭಾರ 36 ಟನ್ನಿಗೂ ಜಾಸ್ತಿ. ಅದನ್ನು ತೆಗೆದುಬಿಟ್ಟರೆ, ಹೊರಗಿನ ನೀರು ತಳಕ್ಕಿಂತ ಎರಡೇ ಅಡಿ ಮೇಲಿದ್ದರೂ, ಸುಮಾರು 16 ಟನ್ ಬಲದಿಂದ ಕೆಳಗಿನಿಂದ ನೂಕುತ್ತದೆ. ತೊಟ್ಟಿ ದೋಣಿಯಂತೆ ಮೇಲೆ ಏಳಲು ನೋಡುತ್ತದೆ. ತಳ ಸೀಳುತ್ತದೆ, ಪೈಪ್ ಕಿತ್ತುಬರುತ್ತದೆ, ಟೈಲ್ಸ್ ಉಬ್ಬುತ್ತವೆ. ಸಣ್ಣ ಸೋರಿಕೆ ಹುಡುಕಲು ಹೋಗಿ ಪೂಲನ್ನೇ ಕಳೆದುಕೊಳ್ಳುವ ಕೆಲಸ ಅದು.

ನಮ್ಮ ಪಂಪ್ ರೂಮ್ ನೆಲದಿಂದ ನಾಲ್ಕಡಿ ತಗ್ಗಿನಲ್ಲಿದೆ. ಅದರ ಮೂಲೆಯಲ್ಲಿ ನೀರು ಜಿನುಗುತ್ತಿತ್ತು. ಅಷ್ಟು ಸಾಕಾಯಿತು, ಖಾಲಿ ಮಾಡುವುದು ಬೇಡ ಅಂದೆ. ನಿಮ್ಮಲ್ಲಿ ಹಾಗೆ ಗೊತ್ತಾಗದಿದ್ದರೆ ಪೂಲಿನಿಂದ ಐದಾರು ಅಡಿ ದೂರದಲ್ಲಿ, ಪೈಪ್ ಹೋಗದ ಕಡೆ, ಪೂಲಿನ ತಳದಷ್ಟು ಆಳಕ್ಕೆ ಒಂದು ಕುಣಿ ಹೊಡೆಸಿ. ಕಂಬ ನೆಡಲು ಬಳಸುವ ಆಗರ್ ಸಾಕು. ಒಂದು ರಾತ್ರಿ ಬಿಟ್ಟು ನೋಡಿ. ಕುಣಿಯಲ್ಲಿ ನೀರು ನಿಂತಿದ್ದರೆ ಖಾಲಿ ಮಾಡುವ ವಿಚಾರವನ್ನು ಕಾಲುವೆ ನಿಂತು ಗದ್ದೆ ಒಣಗುವ ತನಕ ಮುಂದಕ್ಕೆ ಹಾಕಿ. ನೋಡಿದ ಮೇಲೆ ಕುಣಿ ಮುಚ್ಚಿಸಲು ಮರೆಯಬೇಡಿ. ಮನೆ ತುಂಬ ಮಕ್ಕಳಿರುತ್ತಾರೆ.

ಇದೇ ಕಾರಣಕ್ಕೆ ಕಾಲುವೆ ಕಡೆ ಸೋರಿಕೆ ಒಮ್ಮೊಮ್ಮೆ ಕಣ್ಣಾಮುಚ್ಚಾಲೆ ಆಡುತ್ತದೆ. ಹೊರಗಿನ ನೀರು ಬಿರುಕಿಗಿಂತ ಮೇಲೆ ಬಂದಷ್ಟೂ ಒಳಗಿನ ನೀರನ್ನು ಹೊರಗೆ ನೂಕುವ ಒತ್ತಡ ಕಡಿಮೆಯಾಗುತ್ತದೆ. ನವೆಂಬರಿನಲ್ಲಿ ಸರಿಯಿದ್ದ ಪೂಲ್ ಗದ್ದೆ ಒಣಗಿದ ಮೇಲೆ ಸೋರಲು ಶುರುಮಾಡಬಹುದು. ಪೂಲಿನ ಮೇಲ್ಭಾಗದ ತೂತಿಗೆ ಈ ಮಾತು ಅಷ್ಟಾಗಿ ಬರುವುದಿಲ್ಲ, ತಳದ ಬಿರುಕಿಗೆ ಬರುತ್ತದೆ. ಹಾಗಾಗಿ ಬಕೆಟ್ ಪರೀಕ್ಷೆಯನ್ನು ಕಾಲುವೆ ಇದ್ದಾಗ ಒಮ್ಮೆ, ನಿಂತ ಮೇಲೆ ಒಮ್ಮೆ ಮಾಡುವುದು ಒಳ್ಳೆಯದು.

ನೀರು ಹಸಿರಾಗಿದೆ

ಹಸಿರು ಕಂಡ ಕೂಡಲೇ ಅಂಗಡಿಗೆ ಹೋಗಿ ಪಾಚಿ ಮದ್ದು ತರುವುದು ಎಲ್ಲರ ಅಭ್ಯಾಸ. ದಯವಿಟ್ಟು ಮೊದಲು ಅಳೆಯಿರಿ. ಒಂದು ಬಿಳಿ ಬಕೆಟ್‌ನಲ್ಲಿ ನೀರು ತೆಗೆದು ನೋಡಿ. ನೀರು ಕದಡಿದಂತೆ, ಮಬ್ಬಾಗಿ ಹಸಿರಿದ್ದರೆ ಪಾಚಿ. ಗಾಜಿನಂತೆ ತಿಳಿಯಿದ್ದು ಹಸಿರು ಛಾಯೆ ಮಾತ್ರ ಇದ್ದರೆ ತಾಮ್ರ ಕರಗಿರುವ ಸಾಧ್ಯತೆ. ಕೆಲವು ಪಾಚಿ ಮದ್ದುಗಳಲ್ಲಿ ತಾಮ್ರವೇ ಇರುತ್ತದೆ. ಅಂಥ ನೀರಿಗೆ ಮತ್ತೆ ಅದೇ ಮದ್ದು ಹಾಕಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಪಾಚಿ ಅಂತ ಖಾತ್ರಿಯಾದರೆ ಮೂರು ಅಳತೆ ಬೇಕು: ಕ್ಲೋರಿನ್, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ), ಸಯನ್ಯೂರಿಕ್ ಆಮ್ಲ (ಬಿಸಿಲಿಗೆ ಕ್ಲೋರಿನ್ ಹಾರದಂತೆ ತಡೆಯುವ ವಸ್ತು). ಮೊದಲ ಎರಡನ್ನು ಎಲ್ಲರೂ ನೋಡುತ್ತಾರೆ. ಮೂರನೆಯದನ್ನು ಬಿಡುತ್ತಾರೆ, ದೋಷ ಅಲ್ಲೇ ಕೂತಿರುತ್ತದೆ. ನಮ್ಮಲ್ಲಿ ಕ್ಲೋರಿನ್ ಸೊನ್ನೆ, ಪಿಎಚ್ 8.2 ಬಂತು. ಇರಬೇಕಾದ್ದು ಕ್ಲೋರಿನ್ 1ರಿಂದ 3 ಪಿಪಿಎಂ (ಸಾವಿರ ಲೀಟರಿಗೆ ಇಷ್ಟು ಗ್ರಾಂ ಅಂತ), ಪಿಎಚ್ 7.2ರಿಂದ 7.6. ಸಯನ್ಯೂರಿಕ್ ಅಳೆಯುವ ಕೊಳವೆಯಲ್ಲಿ 100ರ ತನಕ ಮಾತ್ರ ಗುರುತಿದೆ. ನಮ್ಮದು ಅದನ್ನೂ ದಾಟಿತ್ತು. ಅರ್ಧ ಪೂಲಿನ ನೀರು, ಅರ್ಧ ಕುಡಿಯುವ ನೀರು ಬೆರೆಸಿ ಮತ್ತೆ ಅಳೆದೆ, 60 ಬಂತು. ಎರಡರಿಂದ ಗುಣಿಸಿದರೆ 120.

ಇದು ಎಲ್ಲಿಂದ ಬಂತು? ಬೇಸಿಗೆಯಿಡೀ ತೇಲುವ ಡಬ್ಬಿಯಲ್ಲಿ ಹಾಕುವ ಟಿಸಿಸಿಎ ಅನ್ನುವ ಕ್ಲೋರಿನ್ ಮಾತ್ರೆಯಿಂದ. ಅದು 10 ಪಿಪಿಎಂ ಕ್ಲೋರಿನ್ ಕೊಟ್ಟಾಗಲೆಲ್ಲ ಜೊತೆಗೆ ಸುಮಾರು 6 ಪಿಪಿಎಂ ಸಯನ್ಯೂರಿಕ್ ಬಿಟ್ಟುಹೋಗುತ್ತದೆ. ಸ್ವಲ್ಪ ಇದ್ದರೆ ಒಳ್ಳೆಯದು. ನಮ್ಮ ಬಿಸಿಲಿಗೆ ಕ್ಲೋರಿನ್ ಕೆಲವೇ ಗಂಟೆಯಲ್ಲಿ ಹಾರಿಹೋಗುವುದನ್ನು ಅದು ತಡೆಯುತ್ತದೆ. 30ರಿಂದ 50 ಇದ್ದರೆ ಸಾಕು. ಜಾಸ್ತಿಯಾದರೆ ಕ್ಲೋರಿನ್ನನ್ನು ಹಿಡಿದುಬಿಡುತ್ತದೆ, ಪಾಚಿ ಸಾಯುವುದಿಲ್ಲ. ಆವಿಯಾಗಿ ಅದು ಹೋಗುವುದಿಲ್ಲ. ಫಿಲ್ಟರ್ ಅದನ್ನು ಹಿಡಿಯುವುದಿಲ್ಲ. ಸ್ವಲ್ಪ ನೀರು ಹೊರಹಾಕಿ ಹೊಸ ನೀರು ಬಿಡುವುದೊಂದೇ ದಾರಿ. ನಮ್ಮಲ್ಲಿ ಮೂರನೇ ಒಂದು ಪಾಲು ನೀರು ಆಗಲೇ ಹೋಗಿ, ಬೋರ್ ನೀರು ಬಂದಿತ್ತು. ತುಂಬಿದ ಮೇಲೆ ಅಳೆದರೆ 80ರ ಹತ್ತಿರ ಬಂದಿತ್ತು. ಸೋರಿಕೆಯೇ ಅರ್ಧ ಕೆಲಸ ಮಾಡಿತ್ತು. ನಿಮ್ಮಲ್ಲಿ ಬದಲಿಸಬೇಕಾದರೆ ಒಮ್ಮೆಗೆ ಒಂದಡಿ ಇಳಿಸಿ, ತುಂಬಿಸಿ, ಮತ್ತೆ ಇಳಿಸಿ.

ಆಮೇಲೆ ಪಿಎಚ್ ಅನ್ನು ಆಮ್ಲದಿಂದ 7.2ಕ್ಕೆ ತಂದೆ. ಇದನ್ನು ಮೊದಲೇ ಮಾಡಬೇಕು. ಕ್ಲೋರಿನ್ ತುಂಬಾ ಏರಿದ ಮೇಲೆ ಪಿಎಚ್ ಪರೀಕ್ಷೆ ಸರಿಯಾಗಿ ತೋರಿಸುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಲಿಕ್ವಿಡ್ ಕ್ಲೋರಿನ್ ಹಾಕಿದೆ. 80 ಸಯನ್ಯೂರಿಕ್ ಇರುವ ನೀರಿನಲ್ಲಿ ಪಾಚಿ ಸಾಯಲು ಕ್ಲೋರಿನ್ 30 ಪಿಪಿಎಂ ಹತ್ತಿರ ಬೇಕು. 1 ಪಿಪಿಎಂ ಅಂದರೆ ಸಾವಿರ ಲೀಟರಿಗೆ ಒಂದು ಗ್ರಾಂ. 36,700 ಲೀಟರಿಗೆ 30 ಪಿಪಿಎಂ ಅಂದರೆ 1,100 ಗ್ರಾಂ. 10 ಪರ್ಸೆಂಟ್ ಲಿಕ್ವಿಡ್ ಆದರೆ 11 ಲೀಟರ್. ಕ್ಯಾನ್ ಹಳೆಯದಾಗಿ ಬಿಸಿಲಲ್ಲಿ ಇಟ್ಟದ್ದಾದರೆ ಶಕ್ತಿ ಅಷ್ಟಿರುವುದಿಲ್ಲ. ಅಂಗಡಿಯಲ್ಲಿ ತಯಾರಿ ದಿನಾಂಕ ಕೇಳಿ ತೆಗೆದುಕೊಳ್ಳಿ.

ಇಲ್ಲಿ ಒಂದು ಪರೀಕ್ಷೆ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಕ್ಲೋರಿನ್ ಅಳೆಯುವ ಡಿಪಿಡಿ ಮಾತ್ರೆಯನ್ನು ಪರೀಕ್ಷೆಯ ನೀರಿಗೆ ಹಾಕಿದಾಗ ನೀರು ಗುಲಾಬಿ ಆಗಬೇಕು. ಕ್ಲೋರಿನ್ ವಿಪರೀತ ಇದ್ದರೆ ಕ್ಷಣ ಹೊತ್ತು ಗುಲಾಬಿ ಆಗಿ ಮತ್ತೆ ಬಣ್ಣವೇ ಇಲ್ಲದಂತಾಗುತ್ತದೆ. ನೋಡಿದವರು "ಸೊನ್ನೆ ಐತಿ" ಅಂತ ಇನ್ನೊಂದು ಕ್ಯಾನ್ ಸುರಿಯುತ್ತಾರೆ. ಅನುಮಾನ ಬಂದರೆ ಒಂದು ಪಾಲು ಪೂಲಿನ ನೀರಿಗೆ ಒಂಬತ್ತು ಪಾಲು ಕ್ಲೋರಿನ್ ಇಲ್ಲದ ಕ್ಯಾನ್ ನೀರು ಬೆರೆಸಿ ಅಳೆದು, ಹತ್ತರಿಂದ ಗುಣಿಸಿ.

ಮೂರು ದಿನ ಗೋಡೆ ಉಜ್ಜಿದೆವು, ಪಂಪ್ ಬಿಡದೆ ಓಡಿಸಿದೆವು. ಹಸಿರು ಬೂದು ಬಿಳಿಯಾಯಿತು. ಅದು ಸತ್ತ ಪಾಚಿ, ಫಿಲ್ಟರ್ ಎಳೆದುಕೊಳ್ಳಬೇಕು. ಪ್ರೆಷರ್ ಗೇಜ್ ಶುದ್ಧ ಫಿಲ್ಟರಿನ ಒತ್ತಡಕ್ಕಿಂತ ಅರ್ಧ ಕೆಜಿ ಏರಿದಾಗಲೆಲ್ಲ ಬ್ಯಾಕ್‌ವಾಶ್. ಮುಗಿಯಿತೋ ಇಲ್ಲವೋ ತಿಳಿಯಲು ರಾತ್ರಿ ಮಲಗುವಾಗ ಒಮ್ಮೆ, ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಒಮ್ಮೆ ಕ್ಲೋರಿನ್ ಅಳೆಯಿರಿ. ರಾತ್ರಿ ಬಿಸಿಲಿಲ್ಲ. ಆದರೂ ಒಂದು ಪಿಪಿಎಂಗಿಂತ ಜಾಸ್ತಿ ಕಡಿಮೆಯಾಗಿದ್ದರೆ ಅದನ್ನು ತಿನ್ನುವ ಪಾಚಿ ಎಲ್ಲೋ ಉಳಿದಿದೆ. ಮೆಟ್ಟಿಲ ಕೆಳಗೆ, ಸ್ಕಿಮ್ಮರ್ ಒಳಗೆ, ದೀಪದ ಹಿಂದೆ ಉಜ್ಜಿ.

ಮನೆಯವರಿಗೆಲ್ಲ ಹೇಳಿಡಬೇಕಾದ ಮಾತು: ಆಮ್ಲ ಮತ್ತು ಕ್ಲೋರಿನ್ ಒಂದೇ ಬಕೆಟ್‌ಗೆ, ಒಂದೇ ಮಗ್‌ಗೆ ಬೀಳಬಾರದು, ವಿಷದ ಗಾಳಿ ಏಳುತ್ತದೆ. ಟಿಸಿಸಿಎ ಮತ್ತು ಕ್ಯಾಲ್ಸಿಯಂ ಹೈಪೋ ಪುಡಿ ಎರಡೂ ಕ್ಲೋರಿನ್ನೇ ಅಲ್ವಾ ಅಂತ ಒಂದೇ ಡಬ್ಬಿಗೆ ಸುರಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂ ಬಹುದು. ಬೇರೆ ಬೇರೆ ಕಪಾಟಿನಲ್ಲಿ ಇಡಿ.

ಕ್ಲೋರಿನ್ ಹಾಕಿದ ಕೂಡಲೇ ಚಹಾದ ಬಣ್ಣ

ಇದು ನಮ್ಮದಲ್ಲ, ಬಳ್ಳಾರಿಯಲ್ಲಿರುವ ನಮ್ಮ ಅಕ್ಕನ ಮನೆಯದು. ಅವರದ್ದು ಗರಸು ನೆಲ, ಗದ್ದೆ ಇಲ್ಲ, ಸೋರಿಕೆಯೂ ಇಲ್ಲ. ಆದರೆ ಚಳಿಗಾಲ ಮುಗಿದು ನೀರು ತುಂಬಿಸಿ ಕ್ಲೋರಿನ್ ಹಾಕಿದ ಹತ್ತೇ ನಿಮಿಷಕ್ಕೆ ನೀರು ಕಂದಾಯಿತು. ಪೂಲ್ ಹಾಳಾಯಿತು ಅಂತ ಅಕ್ಕ ಗಾಬರಿಯಾಗಿ ಫೋನ್ ಮಾಡಿದಳು. ಕಾರಣ ಬೋರ್ ನೀರಿನಲ್ಲಿ ಕರಗಿದ್ದ ಕಬ್ಬಿಣ. ಕರಗಿರುವ ತನಕ ಕಾಣುವುದಿಲ್ಲ. ಕ್ಲೋರಿನ್ ತಾಕಿದಾಗ ತುಕ್ಕಾಗಿ ಹೊರಬರುತ್ತದೆ. ತುಂಬಿಸುವ ಮೊದಲೇ ಒಂದು ಬಿಳಿ ಬಕೆಟ್ ಬೋರ್ ನೀರಿಗೆ ಒಂದು ಚಮಚ ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಡಿ. ಕಂದಾದರೆ ಆ ನೀರು ನೇರ ಪೂಲಿಗೆ ಬೇಡ. ಆಗಲೇ ತುಂಬಿಸಿದ್ದರೆ ಫಿಲ್ಟರ್ ಓಡಿಸಿ ಕೂರಿಸಿ, ಬ್ಯಾಕ್‌ವಾಶ್ ಮಾಡುತ್ತಾ ಹೋಗಿ. ಎರಡು ಮೂರು ದಿನ ಹಿಡಿಯುತ್ತದೆ.

ಗೋಡೆಯ ಕಲೆ ಯಾವುದು ಅಂತ ತಿಳಿಯಲು ಮೆಡಿಕಲ್ ಶಾಪಿನ ವಿಟಮಿನ್ ಸಿ ಮಾತ್ರೆ ಸಾಕು. ಕಂದು ಕಲೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಕಲೆ ತಿಳಿಯಾದರೆ ಕಬ್ಬಿಣ. ಸಂಡೂರು, ತೋರಣಗಲ್ಲು ದಾರಿಯಲ್ಲಿ ಅದಿರಿನ ಧೂಳು ಹಾರುವ ಕಡೆ ಮುಚ್ಚದ ಪೂಲಿನ ತಳದಲ್ಲಿ ಕೂಡ ಇಂಥ ಕೆಂಪು ಪದರ ಕೂರುತ್ತದೆ. ನೀರಿನ ಗೆರೆಯಲ್ಲಿ ಬಿಳಿ ಪಟ್ಟೆ ಇದ್ದರೆ ನಿಂಬೆರಸ ಹಾಕಿ ನೋಡಿ. ನೊರೆ ಬಂದರೆ ಸುಣ್ಣ. ಬೋರಿನ ಗಡಸು ನೀರು ಆವಿಯಾಗುತ್ತಾ, ನಾವು ಮತ್ತೆ ಅದೇ ನೀರು ತುಂಬಿಸುತ್ತಾ ಹೋದಂತೆ ಸುಣ್ಣ ಹೆಚ್ಚುತ್ತದೆ. ಪಿಎಚ್ 7.6 ದಾಟದಂತೆ ನೋಡಿಕೊಂಡರೆ ಪಟ್ಟೆ ನಿಧಾನವಾಗುತ್ತದೆ.

ಪಂಪ್ ನೀರು ಎಳೆಯುತ್ತಿಲ್ಲ

ತಿಂಗಳುಗಟ್ಟಲೆ ನಿಂತ ಪಂಪ್ ಚಾಲೂ ಮಾಡಿದಾಗ ಮೂರು ತರಹದ ತೊಂದರೆ ಬರುತ್ತದೆ.

ಮೋಟಾರ್ ತಿರುಗುತ್ತಿದೆ, ಆದರೆ ಬುಟ್ಟಿಯ ಮುಚ್ಚಳದಲ್ಲಿ ಗಾಳಿ ಮಾತ್ರ ಕಾಣುತ್ತಿದೆ ಅಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಮೊದಲು ಪೂಲಿನ ಮಟ್ಟ ಸ್ಕಿಮ್ಮರ್ ಬಾಯಿಯ ಅರ್ಧಕ್ಕಾದರೂ ಇದೆಯಾ ನೋಡಿ. ಆಮೇಲೆ ಮುಚ್ಚಳದ ಓ-ರಿಂಗ್, ಅಂದರೆ ರಬ್ಬರ್ ಉಂಗುರ. ಒಣಗಿ ಬಿರಿದಿದ್ದರೆ ಬದಲಿಸಿ, ಸಿಲಿಕೋನ್ ಗ್ರೀಸ್ ಹಚ್ಚಿ. ಮನೆಯ ವ್ಯಾಸಲೀನ್ ಬೇಡ, ರಬ್ಬರ್ ಹಾಳಾಗುತ್ತದೆ. ಇಷ್ಟಾದರೂ ಗಾಳಿ ಬಂದರೆ ಪಂಪಿಗೆ ಮುಂಚಿನ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ. ಗಾಳಿ ಎಳೆಯುವ ಕಡೆ ನೊರೆ ಒಳಗೆ ಹೋಗುತ್ತದೆ.

ಮೋಟಾರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ ಅಂದರೆ ಕೂಡಲೇ ಬಂದ್ ಮಾಡಿ. ಸಿಂಗಲ್ ಫೇಸ್ ಆದರೆ ಕೆಪಾಸಿಟರ್ ಸೋತಿರಬಹುದು, ಅಥವಾ ಶಾಫ್ಟ್ ಹಿಡಿದುಕೊಂಡಿರಬಹುದು. ಎಂಸಿಬಿ ಇಳಿಸಿ, ಹಿಂದಿನ ಫ್ಯಾನ್ ಕಡೆಯಿಂದ ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಕೆಪಾಸಿಟರ್ ಕಡೆ ಅನುಮಾನ ಪಡಿ.

ಮೂರನೆಯದು ಹಳ್ಳಿ ಕಡೆಯದು. ತ್ರೀ ಫೇಸ್ ಪಂಪ್ ತಿರುಗುತ್ತದೆ, ಸದ್ದೂ ಸರಿ, ಆದರೆ ಒತ್ತಡವೇ ಏರುವುದಿಲ್ಲ. ಇತ್ತೀಚೆಗೆ ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಬದಲಿಸಿದ್ದಾರಾ ಕೇಳಿ. ಫೇಸ್ ಅದಲು ಬದಲಾಗಿದ್ದರೆ ಮೋಟಾರ್ ಉಲ್ಟಾ ತಿರುಗುತ್ತದೆ. ಪಂಪಿನ ಮೈಮೇಲಿನ ಬಾಣದ ಗುರುತಿಗೆ ಹೋಲಿಸಿ ನೋಡಿ. ಎಲೆಕ್ಟ್ರಿಷಿಯನ್ ಎರಡು ವೈರ್ ಬದಲಿಸಿದರೆ ಮುಗಿಯಿತು.

ಮಲ್ಟಿಪೋರ್ಟ್ ಹಿಡಿಕೆಯನ್ನು ಪಂಪ್ ಓಡುವಾಗ ತಿರುಗಿಸಬೇಡಿ. ಒಳಗಿನ ಗ್ಯಾಸ್ಕೆಟ್ ಹರಿಯುತ್ತದೆ.

ಈ ವರ್ಷ ನಾವು ಮುಚ್ಚಿದ ರೀತಿ

ಮುಚ್ಚಿದೆವು ಅನ್ನುವುದಕ್ಕಿಂತ ನೀರನ್ನು ನಿದ್ದೆಗೆ ಹಾಕಿದೆವು ಅನ್ನಬಹುದು. ನೀರು ಇಳಿಸಲಿಲ್ಲ, ಸ್ಕಿಮ್ಮರ್ ಅರ್ಧಕ್ಕೆ ನಿಂತಿದೆ. ಮುಚ್ಚುವ ವಾರ ಗೋಡೆ ಉಜ್ಜಿ, ಪಿಎಚ್ 7.4ಕ್ಕೆ ತಂದು, ಸಂಜೆ ಲಿಕ್ವಿಡ್ ಕ್ಲೋರಿನ್ ಹಾಕಿ, ರಾತ್ರಿಯ ಅಳತೆ ಪಾಸಾದ ಮೇಲೆಯೇ ಹೊದಿಕೆ ಎಳೆದೆವು. ಟಿಸಿಸಿಎ ಡಬ್ಬಿ ತೆಗೆದಿಟ್ಟೆವು. ಪಂಪ್ ದಿನಕ್ಕೆ ಎರಡು ಗಂಟೆ ಟೈಮರಿನಲ್ಲಿ ಓಡುತ್ತದೆ. ವಾರಕ್ಕೊಮ್ಮೆ ಅಳತೆ, ಬೇಕಾದಷ್ಟೇ ಕ್ಲೋರಿನ್.

ತಾಡಪತ್ರಿ ಬದಲು 90 ಪರ್ಸೆಂಟಿನ ಶೇಡ್‌ನೆಟ್ ಎಳೆದಿದ್ದೇವೆ. ಬಿಸಿಲು ತಡೆಯುತ್ತದೆ, ಎಲೆ ಬೀಳುವುದಿಲ್ಲ, ಮೇಲೆ ನೀರು ನಿಲ್ಲುವುದಿಲ್ಲ. ತಾಡಪತ್ರಿಯ ತಗ್ಗಿನಲ್ಲಿ ನಿಂತ ಒಂದು ಚೊಂಬು ನೀರಿನಲ್ಲಿ ಕೂಡ ಡೆಂಗಿ ಹರಡುವ ಸೊಳ್ಳೆ ವಾರ ಹತ್ತು ದಿನದಲ್ಲಿ ಮೊಟ್ಟೆಯಿಂದ ರೆಕ್ಕೆ ತನಕ ಬೆಳೆಯುತ್ತದೆ. ಆದರೆ ಶೇಡ್‌ನೆಟ್ ಮಗುವಿನ ಭಾರ ತಡೆಯುವುದಿಲ್ಲ. ನೋಡುವವರಿಗೆ ನೆಲದಂತೆ ಕಾಣುತ್ತದೆ, ಅದೇ ಭಯ. ಅದಕ್ಕೆ ಸುತ್ತ ನಾಲ್ಕಡಿ ಬೇಲಿ ಹಾಕಿಸಿ, ಗೇಟಿಗೆ ಬೀಗ ಹಾಕಿದ್ದೇವೆ. ಬೀಗದ ಕೈ ಒಂದು ನಮ್ಮಲ್ಲಿ, ಒಂದು ತೋಟದ ಅಣ್ಣನಲ್ಲಿ.

ಪೂಲಿನ ಟೈಲ್ಸ್ ಮೇಲೆ ಮಾರ್ಕರಿನ ಗೆರೆ ಈಗಲೂ ಇದೆ. ಅಣ್ಣ ಪ್ರತಿ ಸೋಮವಾರ ಅದರಿಂದ ಎಷ್ಟು ಇಳಿದಿದೆ ಅಂತ ಸ್ಕೇಲ್ ಇಟ್ಟು ಅಳೆದು, ಪಂಪ್ ರೂಮಿನ ಗೋಡೆ ಮೇಲೆ ಬರೆಯುತ್ತಾರೆ. ಎಳ್ಳ ಅಮಾವಾಸ್ಯೆಯ ವಾರ ಫೋನ್ ಮಾಡಿ ಹೇಳಿದರು: "ಈ ಸಲ ಒಂದು ಬೆರಳೂ ಇಳಿದಿಲ್ರಿ ಅಕ್ಕಾರ."